ಆ ತುದಿಯಲ್ಲಿ ನಿಂತವರು

ತಾನು ಗಾಡಿ ನಿಲ್ಲಿಸುವ ಜಾಗದಲ್ಲಿ ಬೇರೆ ಯಾರದೋ ಪಿಕಪ್ ನಿಂತದ್ದು ಕಂಡು ಆರ್ಲೋ ಹೌಗೆನ್‌ನ ಮುಖ ಗಂಟಾಯಿತು.

ಜಾಗವೇನೂ ಅವನ ಸ್ವಂತದ್ದಲ್ಲ. ದಕ್ಷಿಣ ಡಕೋಟಾದ ಸರಕಾರಿ ಹುಲ್ಲುಗಾವಲು. ಬೇಟೆಯ ಪರವಾನಗಿ ಇದ್ದವರೆಲ್ಲ ಬರಬಹುದು. ಆದರೂ ಮೂವತ್ತೊಂದು ವರ್ಷ, ಡಿಸೆಂಬರಿನ ಮೊದಲ ಶನಿವಾರ, ಈ ಜೊಂಡಿನೊಳಗಿಂದ ಫೆಸೆಂಟ್ ಎಂಬ ಕಾಡುಕೋಳಿಯ ಹುಂಜಗಳನ್ನು ಎಬ್ಬಿಸಿದವರು ಆರ್ಲೋ, ಡೆಲ್ಮರ್, ರೋಜರ್ ಮೂವರೇ.

ಪಿಕಪ್‌ನ ಹಿಂದೆ ಅರವತ್ತರ ಆಸುಪಾಸಿನ ಒಬ್ಬ ಬೂಟಿನ ದಾರ ಬಿಗಿಯುತ್ತಿದ್ದ. ಪಕ್ಕದಲ್ಲಿ ಕಪ್ಪು ನಾಯಿ. ವೆಂಡೆಲ್ ಎಂದು ಹೆಸರು ಹೇಳಿ ಕೈಚಾಚಿದ.

"ಒಬ್ರೇನಾ?"

"ಇಲ್ಲಪ್ಪ, ಗೆಳೆಯರಿದಾರೆ," ಎಂದ ಆರ್ಲೋ. "ಡೆಲ್ಮರ್, ರೋಜರ್ ಅಂತ. ಅವ್ರು ಆ ತುದೀಲಿ ನಿಲ್ಲೋದು, ನಾನು ಈ ಕಡೆಯಿಂದ ಹಕ್ಕಿ ಓಡಿಸ್ಕೊಂಡು ಹೋಗೋದು. ಮಂಡಿ ನೋಯೋರಿಗೆ ನಿಲ್ಲೋ ಕೆಲಸ. ನೀವು?"

"ನಮ್ದು ನಾಲ್ಕು ಜನದ ಗುಂಪು. ಪೂರ್ವಕ್ಕೆ ಇಳಿದಿದಾರೆ. ಬಾಯಿ ಜಾಸ್ತಿ, ಗುರಿ ಕಮ್ಮಿ."

"ಹಂಗಾದ್ರೆ ಪೂರ್ವ ನಿಮ್ದು, ಪಶ್ಚಿಮ ನಮ್ದು."

ಹತ್ತು ಗಂಟೆಗೆ ಆರ್ಲೋ ಜೊಂಡಿಗೆ ಇಳಿದ. ಮಂಡಿಯವರೆಗೆ ಹಿಮ. ಒಮ್ಮೆ ಟೋಪಿ ತೆಗೆದು ಆ ತುದಿಯತ್ತ ಬೀಸಿದ. ಯಾರೂ ತಿರುಗಿ ಬೀಸಲಿಲ್ಲ. ಜೊಂಡು ಆಳೆತ್ತರ ಬೆಳೆದಿತ್ತು.

ಹಕ್ಕಿ ಎದ್ದಾಗ "ಹುಂಜ" ಎಂದು ಕೂಗಬೇಕು, ಕಾನೂನಿನಂತೆ ಹೊಡೆಯಬಾರದ ಹೇಂಟೆಗೆ ಯಾರೂ ಗುಂಡು ಹಾರಿಸದಿರಲಿ ಎಂದು. ಆರ್ಲೋ ಗಂಟಲು ಹರಿಯುವಂತೆ ಕೂಗಿದ. ಪೂರ್ವದಿಂದಲೂ ಆಗಾಗ ಅದೇ ಕೂಗು ಕೇಳಿಬರುತ್ತಿತ್ತು. ಆ ಗುಂಪಿನ ಮೇಲೆ ಅವನಿಗೆ ಹೊಟ್ಟೆಕಿಚ್ಚಾಯಿತು. ಮಧ್ಯಾಹ್ನ ಟರ್ಕಿ ಕೋಳಿಯ ಸ್ಯಾಂಡ್‌ವಿಚ್ಚನ್ನು ನಿಂತೇ ತಿಂದ. ಕಾಫಿ ತಣ್ಣಗಾಗಿತ್ತು.

ಮೂರು ಗಂಟೆಗೆ ಹೊಡೆದ ಹುಂಜ ಎಲ್ಲೋ ಜೊಂಡಿನಲ್ಲಿ ಬಿತ್ತು. ಎಷ್ಟು ಹುಡುಕಿದರೂ ಸಿಗಲಿಲ್ಲ. ಸೋತು ಗಾಡಿಯ ಬಳಿ ಬಂದರೆ ವೆಂಡೆಲ್ ಅದೇ ಹಕ್ಕಿಯನ್ನು ಹಿಡಿದು ನಿಂತಿದ್ದ. ನಾಯಿ ತಂದುಕೊಟ್ಟಿತ್ತಂತೆ.

"ನಿಮ್ಮವರಲ್ಲಿ ಯಾರು ಹೊಡೆದಿದ್ದು?"

ಆರ್ಲೋ ಹಕ್ಕಿಯನ್ನು ಕೈಗೆ ತೆಗೆದುಕೊಂಡ. "ಡೆಲ್ಮರ್ ಇರ್ಬೇಕು."

"ಗುರಿ ಪರವಾಗಿಲ್ಲ ಕಣ್ರೀ ಅವನ್ದು."

"ಅವನಿಗೆ ಹೇಳ್ಬೇಡಿ. ವರ್ಷವಿಡೀ ಅದನ್ನೇ ಕೊಚ್ಕೋತಾನೆ."

ಆಗ ಬೇಟೆ ಇಲಾಖೆಯ ಅಧಿಕಾರಿ ಬಂದಳು. ಎದೆಯ ಮೇಲೆ ದುರ್ಬೀನು, ಕೈಯಲ್ಲಿ ರಟ್ಟಿನ ಹಲಗೆ. ಪರವಾನಗಿ ನೋಡಿದಳು, ಹಕ್ಕಿ ಎಣಿಸಿದಳು.

"ತಂಡದಲ್ಲಿ ಎಷ್ಟು ಜನ?"

"ಮೂರು," ಎಂದ ಆರ್ಲೋ.

"ನಾಲ್ಕು," ಎಂದ ವೆಂಡೆಲ್.

ಅವಳು ಪೆನ್ನು ಕಾಗದಕ್ಕೆ ತಾಗಿಸಲಿಲ್ಲ. "ಬೆಳಿಗ್ಗೆ ಹತ್ತರಿಂದ ಆ ದಿಬ್ಬದ ಮೇಲೆ ಕೂತಿದೀನಿ," ಎಂದಳು ಮೆಲ್ಲಗೆ. "ಇಡೀ ಹುಲ್ಲಲ್ಲಿ ಓಡಾಡಿದ್ದು ನೀವಿಬ್ರೇ. ಈ ಕಡೆ ಒಬ್ರು, ಆ ಕಡೆ ಒಬ್ರು."

ಗಾಳಿ ಜೊಂಡನ್ನು ಒಂದೇ ಕಡೆಗೆ ಬಾಗಿಸುತ್ತಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ಡೆಲ್ಮರ್ ಮಾರ್ಚಲ್ಲಿ ತೀರಿಹೋದ," ಎಂದ ಆರ್ಲೋ. "ರೋಜರ್ ಮಗಳ ಮನೇಲಿದಾನೆ, ಅರಿಜೋನಾದಲ್ಲಿ. ನನ್ನ ಗುರುತು ಸಿಗಲ್ಲ ಅವನಿಗೆ."

"ನನ್ನವರೆಲ್ಲ ಚೆನ್ನಾಗೇ ಇದಾರೆ," ಎಂದ ವೆಂಡೆಲ್. "ಫೋನ್ ಎತ್ತಲ್ಲ, ಅಷ್ಟೇ."

ಹೊತ್ತು ಮುಳುಗಲು ಇನ್ನೊಂದು ಗಂಟೆಯಿತ್ತು. ವೆಂಡೆಲ್ ಬಗ್ಗಿ ನಾಯಿಯ ಕೊರಳಪಟ್ಟಿ ಸರಿಮಾಡಿದ. "ನಾನು, ನಾಯಿ ನಡೀತೀವಿ," ಎಂದ, ತಲೆ ಎತ್ತದೆ. "ಆ ತುದೀಲಿ ನಿಲ್ಲೋಕೆ ಒಬ್ರು ಬೇಕು."

ಆರ್ಲೋ ಬಂದೂಕು ಎತ್ತಿಕೊಂಡು ಆ ತುದಿಯತ್ತ ಹೆಜ್ಜೆ ಹಾಕಿದ.

ಅಧಿಕಾರಿ ಬರೆದುಕೊಂಡಳು: ತಂಡ ಒಂದು, ಜನ ಇಬ್ಬರು.