ಹುಣಸೆಹಣ್ಣಿನಲ್ಲಿ ನೆನೆದ ಕಲ್ಲು

ಭಾನು ಮೊದಲ ಪಾಳಿ ಮುಗಿಸಿ ಮೂಕಂಡಪಲ್ಲಿಯ ಮನೆಗೆ ಬಂದಾಗ, ಬಚ್ಚಲಲ್ಲಿ ಹಿತ್ತಾಳೆ ದೀಪಗಳ ಪಕ್ಕ ಅವಳ ಕಲ್ಲೂ ಹುಣಸೆಹಣ್ಣು ಮೆತ್ತಿಕೊಂಡು ಕೂತಿತ್ತು. ಸಣ್ಣಗೆ ನೊರೆ ಬಿಡುತ್ತಿತ್ತು.

"ಅತ್ತೆ, ಇದಕ್ಯಾಕೆ ಹುಣಸೆಹಣ್ಣು ಹಾಕುದ್ರಿ?"

"ನಾಳೆ ಕಾಲೇಜಿಗೆ ತಕ್ಕಂಡೋಯ್ತೀನಿ ಅಂದಿದ್ಯಲ್ಲ. ಮಣ್ಣು ಹಿಡ್ಕಂಡಿತ್ತು. ದೀಪದ ಜೊತೆ ಇದ್ನೂ ಬೆಳಗಿಬುಡಾನ ಅಂತ ನೆನೆಹಾಕ್ದೆ," ಅಂದರು ರಾಮಲಕ್ಷ್ಮಮ್ಮ.

ಭಾನು ತಟ್ಟನೆ ನೀರು ಸುರಿದಳು. ಸುಣ್ಣದ ಜಾತಿಯ ಕಲ್ಲು, ಹುಳಿ ತಾಕಿದರೆ ಕರಗುತ್ತದೆ. ಕಲ್ಲುಸಕ್ಕರೆಯಂತೆ ಚೂಪಾಗಿದ್ದ ಬಿಳಿ ಹರಳುಗಳು ಚೀಪಿಬಿಟ್ಟ ಪೆಪ್ಪರಮೆಂಟಿನಂತೆ ನುಣ್ಣಗಾಗಿದ್ದವು. ರಜೆಯ ದಿನಗಳಲ್ಲೆಲ್ಲ ಹಳೆಯ ಗಣಿಯೊಂದರಲ್ಲಿ ಹುಡುಕಿ ತಂದದ್ದು. ಆ ಗಣಿಯಲ್ಲೀಗ ನೀರು ನಿಂತಿದೆ, ಇನ್ನೊಂದು ಸಿಗುವಂತಿಲ್ಲ. ಕಲ್ಲು ಚೆನ್ನಾಗಿದ್ದರೆ ಅವಳ ಹೆಸರು ಬರೆದು ಗಾಜಿನ ಬೀರುವಿನಲ್ಲಿ ಇಡುತ್ತೇನೆಂದು ಕೃಷ್ಣಗಿರಿಯ ಕಾಲೇಜಿನ ಗೋಪಿನಾಥ್ ಮೇಷ್ಟ್ರು ಹೇಳಿದ್ದರು.

"ಒಂದ್ಸಾರಿ ಬೈದ್ಬುಡು ತಾಯಿ. ನೀನಿಂಗೆ ಸುಮ್ಕಿದ್ರೆ ನಂಗೆ ಅನ್ನ ಇಳಿಯಕಿಲ್ಲ."

"ಬೈದ್ರೆ ಕಲ್ಲು ವಾಪಸ್ ಬೆಳೀತದಾ ಅತ್ತೆ?" ಭಾನು ದುಪ್ಪಟ್ಟಾದಿಂದ ಕಲ್ಲನ್ನು ಒರೆಸಿದಳು. ಒರೆಸುತ್ತಿದ್ದ ಕೈ ನಿಂತಿತು. ಬಿಳಿ ಕರಗಿಹೋದ ಗುಳಿಯೊಳಗೆ ಜೇನುಬಣ್ಣದ ತೆಳುವಾದ ಬಿಲ್ಲೆಗಳು ಒತ್ತೊತ್ತಾಗಿ ನಿಂತಿದ್ದವು. ಅವನ್ನು ಅವಳು ಎಂದೂ ಕಂಡಿರಲಿಲ್ಲ.

ಮರುದಿನ, "ತಪ್ಪು ನಂದು, ನಾನೇ ಯೋಳ್ತೀನಿ," ಎಂದು ಅತ್ತೆಯೂ ಅವಳೊಂದಿಗೆ ಬಸ್ಸು ಹತ್ತಿದರು.

ಗೋಪಿನಾಥ್ ಮೇಷ್ಟ್ರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. "ಒಳಗಿರೋದೂ ಸುಣ್ಣಕಲ್ಲಿನ ಹಾಗೆ ಕಾರ್ಬನೇಟೇ ಅನ್ಸುತ್ತಮ್ಮ. ಆದ್ರೆ ಹುಳಿಗೆ ಬೇಗ ಕರಗಲ್ಲ, ಸುಲಭಕ್ಕೆ ಸಿಗೋ ಜಾತೀನೂ ಅಲ್ಲ. ಪರೀಕ್ಷೆ ಮಾಡಿಸಿ ಹೆಸರು ಹೇಳ್ತೀನಿ. ಅದಕ್ಕೆ ಪೆಟ್ಟಾಗದ ಹಾಗೆ ಮೇಲಿನ ಬಿಳೀದನ್ನ ಯಾರು ಬಿಡಿಸಿದ್ದು?"

ಹೇಳಲೆಂದೇ ಬಂದಿದ್ದ ರಾಮಲಕ್ಷ್ಮಮ್ಮ ಸೊಸೆಯ ಬೆನ್ನ ಹಿಂದೆ ಸರಿದರು.

"ನಮ್ಮತ್ತೆ ಸರ್," ಅಂದಳು ಭಾನು.

ಮೇಷ್ಟ್ರು ಅವರಿಗೊಂದು ಕುರ್ಚಿ ಎಳೆದು ಹಾಕಿದರು. ಆಮೇಲೆ ಗಾಜಿನ ಬೀರು ತೆಗೆದು, ಅಲ್ಲಿದ್ದ ಕಲ್ಲುಗಳನ್ನು ಆಚೀಚೆ ಸರಿಸಿ, ಬಂದ ಕಲ್ಲಿಗೆ ನಡುವೆ ಜಾಗ ಮಾಡಿದರು. ರಾಮಲಕ್ಷ್ಮಮ್ಮ ಎದ್ದು ಒಳಗೆ ಇಣುಕಿದರು.

"ಪಾಪ, ಇವೂ ಎಷ್ಟು ದೂಳು ಹಿಡ್ದವೆ ನೋಡು," ಎಂದು ಸೊಸೆಯ ಕಿವಿಯಲ್ಲಿ ಪಿಸುಗುಟ್ಟಿದರು.

ಭಾನು ಅವರ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.