ನಿಮ್ಮ ಕಡೆಯವರು

ಲಾರಿ ಬಂದು ಅಂಗಡಿಯ ಮುಂದೆ ನಿಂತಾಗ ಬಾಗಿಲ ವ್ಯಾಪಾರಿ ಇನ್ನೂ ಷಟರ್ ಪೂರ್ತಿ ಎತ್ತಿರಲಿಲ್ಲ. ಕೆಡವಿದ ಮನೆಗಳ ಹಳೆಯ ಬಾಗಿಲು, ಕಿಟಕಿ, ಚೌಕಟ್ಟುಗಳನ್ನು ಕೊಂಡು ಮಾರುವುದು ಅವನ ಕಸುಬು. ಲಾರಿಯ ತುಂಬ ತೇಗದ ಬಾಗಿಲುಗಳು. ಹುಳು ಮುಟ್ಟಿಲ್ಲ, ಹಿತ್ತಾಳೆಯ ಚಿಲಕಗಳನ್ನೂ ಯಾರೂ ಕಿತ್ತಿಲ್ಲ.

"ನಾನು ಹೇಳೇ ಇಲ್ಲವಲ್ಲಪ್ಪ!"

"ನಿಮ್ಮ ಕಡೆಯವರು ಬಂದು ಮಾತಾಡಿ ಹೋದ್ರಲ್ಲ ಸಾರ್," ಎಂದ ಡ್ರೈವರ್, ಬೆಲೆಯನ್ನೂ ಹೇಳಿದ.

ವ್ಯಾಪಾರಿ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಅರ್ಧಕ್ಕರ್ಧ ಕಡಿಮೆ! ಅವನ ಕಡೆಯವರು ಅಂತ ಯಾರೂ ಇರಲಿಲ್ಲ; ಒಂದು ಮೊಳೆ ಬೇಕಾದರೂ ತಾನೇ ಹೋಗಿ, ಚೌಕಾಸಿ ಮಾಡಿ, ಅಂಗಡಿಯವನ ತಲೆ ತಿಂದು ತರುವವನು. ಆದರೆ ತಾನಾಗಿ ಬಂದದ್ದನ್ನು ವಾಪಸು ಕಳಿಸಲು ಅವನಿಗೇನು ತಲೆ ಕೆಟ್ಟಿತ್ತೇ? "ಓ, ಅವನಾ! ಹೌದು ಹೌದು, ನಮ್ಮವನೇ. ಇಳಿಸಿ ಇಳಿಸಿ," ಎಂದುಬಿಟ್ಟ.

ಅಲ್ಲಿಂದ ಅದು ನಿಲ್ಲಲಿಲ್ಲ. ಎಷ್ಟು ಜಗಳವಾಡಿದರೂ ತನ್ನ ತಗಡುಗಳನ್ನು ದಾರಿಯಿಂದ ತೆಗೆಯದಿದ್ದ ಪಕ್ಕದ ಅಂಗಡಿಯವನು ಒಂದು ಬೆಳಿಗ್ಗೆ ತಾನೇ ತೆಗೆದ. "ನಿಮ್ಮ ಕಡೆಯವರು ಎಷ್ಟು ನಯವಾಗಿ ಕೇಳಿದ್ರು ಗೊತ್ತಾ!" ಆ ಮನುಷ್ಯ ನೋಡಲು ಹೇಗಿದ್ದ ಎಂದರೆ ಮಾತ್ರ ಎಲ್ಲರೂ ತಡವರಿಸುವವರೇ. "ಹೇಗೆ ಹೇಳೋದು... ನಿಮ್ಮ ಹಾಗೇ ಬಾಗಿಲನ್ನ ಬೆರಳಿನ ಗೆಣ್ಣಲ್ಲಿ ತಟ್ಟಿ, ಕಿವಿಗೊಟ್ಟು ಕೇಳ್ತಾರೆ." ವ್ಯಾಪಾರಿ ಹೆಂಡತಿಗೆ ಹೇಳಿದರೆ ಅವಳು ಬಿದ್ದು ಬಿದ್ದು ನಕ್ಕಳು. "ಯಾರೋ ಪುಣ್ಯಾತ್ಮ. ನಿಮಗಿಂತ ಚೆನ್ನಾಗಿ ವ್ಯಾಪಾರ ಮಾಡ್ತಾನೆ ಕಣ್ರೀ, ಇರಲಿ ಬಿಡಿ." ಅವನೂ ಇರಲಿ ಎಂದು ಬಿಟ್ಟ.

ಆಮೇಲೆ ಹೋಟೆಲು ಕಟ್ಟಿಸುತ್ತಿದ್ದ ಸಾಹುಕಾರ ಬಂದ. ಅಂಗಡಿಯ ಸರಕನ್ನೆಲ್ಲ ತನಗೇ ಕೊಡುವುದಾಗಿ "ನಿಮ್ಮ ಕಡೆಯವರು" ಮಾತು ಕೊಟ್ಟಿದ್ದಾರೆ, ನಾಳೆ ಆಳುಗಳನ್ನು ಕಳಿಸುತ್ತೇನೆ ಎಂದ. ಅವನು ಹೇಳಿದ ಬೆಲೆಗೆ ಕೀಲುಗಳೂ ಬರುವುದಿಲ್ಲ. ಅಂಗಡಿ ಮುಚ್ಚಿದ ಹಾಗೆಯೇ. ವ್ಯಾಪಾರಿ ಎದ್ದೆನೋ ಬಿದ್ದೆನೋ ಎಂದು ವಕೀಲನ ಕಚೇರಿಗೆ ಓಡಿದ. ವಕೀಲ ಅವನ ಹೆಂಡತಿಯ ತಮ್ಮನೇ.

"ಅವನು ನನ್ನವನೇ ಅಲ್ಲ ಕಣೋ!"

"ಮೊದಲನೇ ದಿನ ಹಾಗೆ ಹೇಳಿದ್ರಾ ಭಾವ?"

"ನಮ್ಮವನೇ, ಇಳಿಸಿ ಅಂದೆ," ಎಂದ ವ್ಯಾಪಾರಿ.

"ಅವನು ಮಾಡಿದ್ದನ್ನ ನೀವು ಒಪ್ಪಿಕೊಂಡ್ರಿ. ಹಾಗೆ ಒಪ್ಪಿಕೊಂಡೇ ಅವನನ್ನ ನಿಮ್ಮ ಏಜೆಂಟ್ ಮಾಡಿಕೊಂಡ್ರಿ. ಈಗ ಜನ ಅವನ ಮಾತನ್ನ ನಿಮ್ಮ ಮಾತು ಅಂತಲೇ ನಂಬ್ತಾರೆ, ಕಾನೂನು ಅವರ ಪರ ನಿಲ್ಲುತ್ತೆ. ಲಾಭ ಬಂದಾಗ ನಮ್ಮವನು, ನಷ್ಟ ಬಂದಾಗ ಯಾರೋ ಅಂದ್ರೆ ನಡೆಯಲ್ಲ."

"ಬಿಡಿಸಿಬಿಡೋಕೆ ಆಗಲ್ವಾ?"

"ಧಾರಾಳವಾಗಿ ಬಿಡಿಸಿ. ಆದ್ರೆ ಮನಸ್ಸಲ್ಲಿ ಬಿಡಿಸಿದ್ರೆ ಸಾಲದು. ಅವನು ಯಾರ್ಯಾರ ಹತ್ರ ವ್ಯವಹಾರ ಮಾಡಿದಾನೋ ಅವರಿಗೆಲ್ಲ ತಿಳಿಸಬೇಕು. ಇವನು ಇನ್ನು ನಮ್ಮವನಲ್ಲ, ಇವನ ಮಾತು ಕೇಳಬೇಡಿ ಅಂತ. ಅವರಿಗೆ ಗೊತ್ತಾಗೋವರೆಗೂ ಅವನು ಆಡಿದ್ದೆಲ್ಲ ನೀವು ಆಡಿದ ಹಾಗೇನೇ."

ವ್ಯಾಪಾರಿ ಮೊದಲು ಪಕ್ಕದ ಅಂಗಡಿಗೆ ಹೋದ. ಅವನು ಬಾಯಿ ತೆರೆಯುವ ಮುಂಚೆಯೇ ತಗಡಿನವನು ಕೈ ಎತ್ತಿ ತಡೆದ. "ಗೊತ್ತಾಯ್ತು ಬಿಡಿ. ಆಗಲೇ ಬಂದು ಹೇಳಿ ಹೋದ್ರು."

"ಯಾರು?"

"ಯಜಮಾನ್ರು," ಎಂದು ತಗಡಿನವನು ಒಳಗೆ ಹೋಗಿಬಿಟ್ಟ. ಹೋಟೆಲಿನ ಕಟ್ಟಡದ ಹತ್ತಿರ ಕಾವಲುಗಾರ ಗೇಟನ್ನೇ ತೆಗೆಯಲಿಲ್ಲ. ಬಾಗಿಲಂಗಡಿಯ ಹೆಸರು ಹೇಳಿಕೊಂಡು ಒಬ್ಬ ಬರುತ್ತಾನೆ, ಒಳಗೆ ಬಿಡಬೇಡ ಎಂದು ಅಪ್ಪಣೆಯಾಗಿತ್ತಂತೆ.

"ನಾನೇ ಕಣಯ್ಯಾ ಅಂಗಡಿ ಯಜಮಾನ!"

"ಹಾಗಂತಾನೆ ಅಂತಲೂ ಹೇಳಿದಾರೆ," ಎಂದ ಕಾವಲುಗಾರ, ಬಹಳ ಮರ್ಯಾದೆಯಿಂದಲೇ.

ಅಂಗಡಿಗೆ ಬಂದರೆ ಷಟರಿಗೆ ಬೇರೆ ಬೀಗ ಬಿದ್ದಿತ್ತು. ವ್ಯಾಪಾರಿಗೆ ಅಂಗಡಿಯ ಆಸೆ ಅಲ್ಲೇ ಬಿಟ್ಟುಹೋಯಿತು. ಮನೆಯ ನೆನಪಾಯಿತು. ದಾರಿಯುದ್ದಕ್ಕೂ ಅವನು ಹೆಚ್ಚುಕಡಿಮೆ ಓಡಿದ. ಎದುರಿಗೆ ಸಿಕ್ಕ ಪರಿಚಯದವರು ಒಬ್ಬರೂ ತಲೆಯಾಡಿಸಲಿಲ್ಲ, ಅವನೂ ಯಾರನ್ನೂ ಮಾತಾಡಿಸಲು ಧೈರ್ಯ ಮಾಡಲಿಲ್ಲ.

ಬೆಲ್ ಒತ್ತಿದಾಗ ಹೆಂಡತಿ ಬಾಗಿಲನ್ನು ಸರಪಳಿ ತೆಗೆಯದೆ ಅಂಗೈಯಗಲ ತೆರೆದಳು. ಒಳಗಿನಿಂದ ಈರುಳ್ಳಿ ಹುರಿದ ವಾಸನೆ ಬರುತ್ತಿತ್ತು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯೂ ಇರಲಿಲ್ಲ. ನಲ್ಲಿ ರಿಪೇರಿಯವನನ್ನು ನೋಡುವ ಹಾಗೆ ನೋಡಿದಳು.

"ಏ, ನಾನು ಕಣೇ," ಎಂದ ವ್ಯಾಪಾರಿ. ಅವನಿಗೆ ಅಳುವೇ ಬಂದಿತ್ತು.

ಒಳಗೆ ಯಾರೋ ಊಟದ ಕುರ್ಚಿ ಎಳೆದುಕೊಂಡು ಕೂತ ಸದ್ದಾಯಿತು. ಅವಳು ಆ ಕಡೆ ತಿರುಗಿ, "ರೀ, ಅವರು ಬಂದಿದಾರೆ. ನಾನೇ ಹೇಳಿ ಕಳಿಸ್ತೀನಿ, ನೀವು ಊಟ ಶುರು ಮಾಡಿ," ಎಂದಳು. ಆಮೇಲೆ ಬಾಗಿಲ ಸಂದಿಯಲ್ಲಿ ಮುಖವಿಟ್ಟು ದನಿ ತಗ್ಗಿಸಿದಳು.

"ಪಾಪ, ಇಷ್ಟು ದಿನ ನಮಗೋಸ್ಕರ ಚೆನ್ನಾಗಿ ದುಡಿದ್ರಿ. ಇನ್ಮೇಲೆ ನಮ್ಮ ಯಜಮಾನ್ರ ಹೆಸರು ಹೇಳ್ಕೊಂಡು ಎಲ್ಲೂ ಓಡಾಡಬೇಡಿ."