ಹನ್ನೊಂದು ಪ್ರತಿ, ಮೂರು ಕೊನೆ

ಅಂಬುಜಾಕ್ಷಿಯವರ ಕಾದಂಬರಿ ಯಾರಾದರೂ ಕೇಳಿದಾಗ ಮಾತ್ರ, ಒಂದೊಂದೇ ಪ್ರತಿಯಾಗಿ ಅಚ್ಚಾಗುತ್ತಿತ್ತು. ನಡುವೆ ಎಷ್ಟು ಸಲ ಬೇಕಾದರೂ ತಿದ್ದಬಹುದು ಎಂದು ಗೊತ್ತಾದ ಮೇಲೆ ಅವರಿಗೆ ಅದೇ ಚಟವಾಯಿತು. ಮೊದಲ ನಾಲ್ಕು ಪ್ರತಿಗಳ ಕೊನೆಯಲ್ಲಿ ನಾಯಕಿ ಗಂಡನ ಮನೆಗೆ ವಾಪಸಾದಳು. ಮುಂದಿನ ನಾಲ್ಕರಲ್ಲಿ ಕಾಂಪೌಂಡರನ ಜೊತೆ ಓಡಿಹೋದಳು. ಆಮೇಲಿನ ಮೂರರಲ್ಲಿ ಗಂಡನಿಗೇ ವಿಷ ಹಾಕಿದಳು.

ಹನ್ನೊಂದನ್ನೂ ಕೊಂಡವರು ಊರಿನ ಓದುಗರ ಬಳಗದ ಹನ್ನೊಂದು ಜನ. ಇವತ್ತು ಅವರದೇ ಸಂವಾದ. ಗುಟ್ಟು ರಟ್ಟಾಗುವುದು ಖಂಡಿತವೆಂದು ಅಂಬುಜಾಕ್ಷಿ ಮುಳ್ಳಿನ ಮೇಲೆ ಕೂತಂತೆ ಕೂತಿದ್ದರು.

“ಆ ಕೊನೆ ಇದೆಯಲ್ಲ ಮೇಡಂ, ಎರಡು ದಿನ ಊಟ ಸೇರ್ಲಿಲ್ಲ,” ಎಂದರು ಮುಂದಿನ ಸಾಲಿನ ವಕೀಲರು.

“ನಂಗೂ ಅಷ್ಟೆ. ಪಾಪ, ಅವಳು ಬೇರೆ ಏನು ತಾನೇ ಮಾಡೋಕಾಗ್ತಿತ್ತು?” ಎಂದರು ಪಕ್ಕದ ಟೀಚರು.

ಎಲ್ಲರೂ ಹೌದು ಹೌದೆಂದು ತಲೆಯಾಡಿಸಿದರು. ಅಂಬುಜಾಕ್ಷಿಗೆ ಈಗ ಬೇರೆಯೇ ಕಳವಳ ಶುರುವಾಯಿತು.

“ಏನು ಮಾಡಿದಳು? ಯಾರಾದ್ರೂ ಒಬ್ರು ಹೇಳಿ ನೋಡೋಣ,” ಎಂದುಬಿಟ್ಟರು.

ವಕೀಲರು ಟೀಚರನ್ನು ನೋಡಿದರು, ಟೀಚರು ಪಕ್ಕದವರನ್ನು ನೋಡಿದರು. ಕೊನೆಗೆ ಬಳಗದ ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು.

“ಅದನ್ನ ಇಲ್ಲೇ ಹೇಳಿಬಿಟ್ರೆ, ಇನ್ನೂ ಓದದೇ ಇರೋರಿಗೆ ಮೋಸ ಆಗಲ್ವಾ ಮೇಡಂ?”

ಉಳಿದ ಹತ್ತೂ ಜನ ಜೋರಾಗಿ ಚಪ್ಪಾಳೆ ತಟ್ಟಿದರು.